ರೋಮಿನ ಅಂಗಳದಲ್ಲಿ ಒಂದು ಪಾದ

ಮೆಟ್ಟಿಲು ಹತ್ತಿದ್ದು, ಟಿಕೆಟ್ ತಗೊಂಡಿದ್ದು ಎಲ್ಲ ವಿಡಿಯೋದಲ್ಲಿ ನೋಡಿದ್ರಲ್ಲ, ಈಗ ಕ್ಯಾಪಿಟೊಲೈನ್ ಮ್ಯೂಸಿಯಂ ಅಂಗಳಕ್ಕೆ ಬಂದ್ವಿ. ಈ ಪಾದ ನೋಡಿ! ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್‌ನ ದೈತ್ಯ ಮೂರ್ತಿದು. ಬರೀ ಪಾದವೇ ಸುಮಾರು ಎರಡು ಮೀಟರ್ ಉದ್ದ. ತಲೆ ಆ ಕಡೆ, ಕೈ ಈ ಕಡೆ. 1486ರಲ್ಲಿ ತುಂಡು ತುಂಡಾಗೇ ಸಿಕ್ಕಿದ್ದು.

ಭಾವ ಫೋಟೊ ಹೊಡೆದು "ಆಯ್ತು, ನಡಿ" ಅಂದ್ರು. ಆಗಲಿಲ್ಲ ಭಾವ. ನಾನು ಬಂದಿದ್ದೇ ಇದರ ಚಿತ್ರ ಬರೆಯೋಕೆ.

ಕೂತು ಬರೆಯೋಕೆ ಶುರು ಮಾಡಿದೆ, ಹೆಬ್ಬೆರಳಿನ ಉಗುರಿಗೆ ಬರೋಷ್ಟರಲ್ಲಿ ಪೆನ್ಸಿಲ್ ಮೊನೆ ಮುರೀತು. ಮೆಂಡರ್ ಬ್ಯಾಗಲ್ಲಿ, ಬ್ಯಾಗನ್ನ ಬಾಗಿಲಲ್ಲೇ ಇಸ್ಕೊಂಡಿದ್ರು. ಎರಡನೇ ಪೆನ್ಸಿಲ್ ತೆಗೆದೆ, ಅದು ನಿನ್ನೆ ರೈಲಲ್ಲಿ ಕೆಳಗೆ ಬಿದ್ದು ಒಳಗೇ ಸೀಸ ಚೂರಾಗಿದೆ! ಒತ್ತಿದ್ರೆ ಉದುರುತ್ತೆ. ಅಳು ಬಂತು, ನಿಜವಾಗ್ಲೂ. ಇಷ್ಟು ದೂರ ಬಂದು ಒಂದು ಮೆಂಡರಿಗೆ ಗತಿ ಇಲ್ಲ ಅಂದ್ರೆ! ಕೊನೆಗೆ ಉಗುರಲ್ಲಿ ಮರ ಸುಲಿದೆ. ಮೊಂಡು ಸೀಸದಲ್ಲಿ ಗೆರೆ ಎಳೆಯೋಕಾಗಲ್ಲ, ನೆರಳು ಮಾತ್ರ ಉಜ್ಜಬಹುದು. ಉಜ್ಜುತ್ತಾ ಹೋದಾಗ ಕಾಣ್ತು: ಚಪ್ಪಟೆ ಅಂದ್ಕೊಂಡಿದ್ದ ಉಗುರು ಬಾಗಿದೆ, ಅದರ ಅಂಚಲ್ಲಿ ಮಾಂಸ ಸಣ್ಣಗೆ ಉಬ್ಬಿದೆ. ಫೋಟೊದಲ್ಲಿ ಇದನ್ನ ನಾನು ನೋಡೇ ಇರಲಿಲ್ಲ.

ಫ್ಯೂಸ್ಲಿ ಅಂತ ಸ್ವಿಸ್ ಕಲಾವಿದ, 1770ರಿಂದ 1778ರ ತನಕ ರೋಮಲ್ಲೇ ಇದ್ದ. ಈ ಪಾದದ ಪಕ್ಕ ತಲೆ ಹಿಡ್ಕೊಂಡು ಕೂತ ಒಬ್ಬ ಕಲಾವಿದನ್ನ ಕೆಂಪು ಸೀಮೆಸುಣ್ಣದಲ್ಲಿ ಬರೆದಿದಾನೆ. ಅತಿಯಾಯ್ತು ಅನ್ನಿಸ್ತಿತ್ತು ನಂಗೆ. ಈಗ ಅನ್ನಿಸಲ್ಲ.

ಫ್ರಾನ್ಸ್‌ನವರು 1666ರಲ್ಲಿ ಇಲ್ಲೇ ರೋಮಲ್ಲಿ ಒಂದು ಕಲಾ ಅಕಾಡೆಮಿ ತೆಗೆದ್ರು. ಹುಡುಗರು ಬಂದು ಹಳೇ ಮೂರ್ತಿಗಳನ್ನ ನಕಲು ಮಾಡಬೇಕು, ಆ ನಕಲು ಹದಿನಾಲ್ಕನೇ ಲೂಯಿ ರಾಜನಿಗೆ ಹೋಗಬೇಕು. ನಕಲು ಮಾಡಿ ಏನು ಕಲೀತಾರೆ ಅಂತ ಹಿಂದೊಂದು ವಿಡಿಯೋದಲ್ಲಿ ಅಂದಿದ್ದೆ. ಆ ಮಾತು ವಾಪಸ್ ತಗೋತೀನಿ.

ಅದಕ್ಕೂ ಮುಂಚೆ, 1532ರಲ್ಲಿ, ಹಾಲೆಂಡಿನ ಕಲಾವಿದ ಹೇಮ್ಸ್‌ಕೆರ್ಕ್ ಬಂದು ಶ್ರೀಮಂತರ ತೋಟ, ಅಂಗಳಗಳಲ್ಲಿ ಕೂತು ಮೂರ್ತಿಗಳ ಚಿತ್ರ ಬರೆದ. ಯಾವ ಮೂರ್ತಿ ಎಲ್ಲಿತ್ತು, ಯಾವುದಕ್ಕೆ ಕೈ ಇರಲಿಲ್ಲ ಅಂತ ತಿಳಿಯೋಕೆ ವಿದ್ವಾಂಸರು ಇವತ್ತೂ ಬರ್ಲಿನ್‌ನಲ್ಲಿರೋ ಆ ಹಾಳೆಗಳನ್ನೇ ತಿರುವಿ ಹಾಕ್ತಾರೆ.

ನನಗೆ ಆಸೆ ಇರೋದು ಪಂಜಿನ ಬೆಳಕಿಂದು. ಜರ್ಮನ್ ಕವಿ ಗಯಟೆ ಇಲ್ಲಿದ್ದ ಕಾಲಕ್ಕೆ, 1780ರ ದಶಕದಲ್ಲಿ, ಪ್ರವಾಸಿಗಳು ರಾತ್ರಿ ಪಂಜು ಹಿಡಿಸಿಕೊಂಡು ವ್ಯಾಟಿಕನ್ ಮೂರ್ತಿಗಳನ್ನ ನೋಡೋಕೆ ಹೋಗ್ತಿದ್ರು. ಗೋಡೆಯ ಗೂಡಲ್ಲಿ ನಿಂತ ಮೂರ್ತಿಗೆ ಹಗಲು ಬೆಳಕು ನೆಟ್ಟಗೆ ಬೀಳಲ್ಲ. ಪಂಜನ್ನ ಪಕ್ಕಕ್ಕೆ ಸರಿಸಿದ್ರೆ ಸ್ನಾಯುಗಳ ಏರಿಳಿತ ಒಂದೊಂದಾಗಿ ಎದ್ದು ಬರುತ್ತೆ. ಕತ್ತಲಲ್ಲಿ ಒಂದು ಸಲಕ್ಕೆ ಒಂದೇ ಮೂರ್ತಿ, ಪಕ್ಕದ್ದು ಕಾಣೋದೇ ಇಲ್ಲ. ಹಾಗೆ ನೋಡಬೇಕು ಅಂತ ನನಗೂ...

ಅಯ್ಯೋ, ಬ್ಯಾಟರಿ ಕೆಂಪಾಯ್ತಂತೆ. ಪಾದ ಇನ್ನೊಂದ್ಸಲ ತೋರಿಸಿ ಭಾವ, ಉಗುರಿನ ಹತ್ರ. ಹಾಂ, ಅಲ್ಲೇ. ಹೆಬ್ಬೆರಳು ಮುಗೀತು, ಇನ್ನೂ ನಾಲ್ಕು ಬೆರಳಿವೆ.