ದೀಕ್ಷೆಯ ಬೆನ್ನಿಗೇ ಬಂದ ಕಂದಾಯ

ಕೇಳುಗರಿಗೆ ನಮಸ್ಕಾರ.

ಕ್ರಿ.ಶ. 772. ಇಂದಿನ ಫ್ರಾನ್ಸ್ ಸುತ್ತಮುತ್ತ ಆಳುತ್ತಿದ್ದ ಫ್ರಾಂಕರೆಂಬ ಕ್ರೈಸ್ತ ಜನರ ದೊರೆ ಶಾರ್ಲಮೇನ್ ಇಂದಿನ ಉತ್ತರ ಜರ್ಮನಿಯಲ್ಲಿದ್ದ ಸ್ಯಾಕ್ಸನ್ನರ ಮೇಲೆ ದಂಡೆತ್ತಿ ಹೋದ. ಅವರು ಪೂಜಿಸುತ್ತಿದ್ದ ಇರ್ಮಿನ್ಸುಲ್ ಎಂಬ ಸ್ತಂಭವನ್ನು ಕೆಡವಿಸಿ, ಅಲ್ಲಿದ್ದ ಚಿನ್ನ ಬೆಳ್ಳಿ ಬಾಚಿಕೊಂಡು ಬಂದ. ಅಂದು ಹೊತ್ತಿದ ಯುದ್ಧ ಆರಿದ್ದು 804ರಲ್ಲಿ.

ಅಷ್ಟು ಕಾಲ ಏಕೆ ಹಿಡಿಯಿತು? ಸೋಲಿಸೋಣವೆಂದರೆ ಸ್ಯಾಕ್ಸನ್ನರಿಗೆ ರಾಜನೇ ಇರಲಿಲ್ಲ. ಸೀಮೆಗೊಬ್ಬ ಮುಖಂಡ, ವರ್ಷಕ್ಕೊಂದು ಮಹಾಕೂಟ. ಒಬ್ಬ ಶರಣಾದರೆ ಪಕ್ಕದ ಸೀಮೆಯವನಿಗೆ ಅದರ ಹಂಗಿಲ್ಲ. ಇಂಥವರನ್ನು ಒಬ್ಬೊಬ್ಬರನ್ನಾಗಿ ಕಟ್ಟಿಹಾಕಲು ದೊರೆಗೆ ಸಿಕ್ಕ ಹಗ್ಗ, ಕ್ರೈಸ್ತರನ್ನಾಗಿಸುವ ದೀಕ್ಷಾಸ್ನಾನ.

782ರಲ್ಲಿ ವೆರ್ಡನ್ ಎಂಬಲ್ಲಿ ಒಂದೇ ದಿನ 4,500 ಸ್ಯಾಕ್ಸನ್ನರ ತಲೆ ಕಡಿಸಿದನೆಂದು ಫ್ರಾಂಕರ ವೃತ್ತಾಂತವೇ ಬರೆದುಕೊಂಡಿದೆ. ಸಂಖ್ಯೆ ಹಿಗ್ಗಿಸಿದ್ದೆಂದು ಅನುಮಾನಿಸುವ ಇತಿಹಾಸಕಾರರೂ ಇದ್ದಾರೆ. ನನ್ನನ್ನು ಹೆಚ್ಚು ಕಾಡುವುದು ಆ ಹೊತ್ತಿನಲ್ಲಿ ಹೊರಟ ಕಟ್ಟಳೆ. ದೀಕ್ಷೆ ಒಲ್ಲದೆ ಅಡಗಿ ಕುಳಿತವನಿಗೆ ಮರಣದಂಡನೆ. ಈಸ್ಟರ್ ಮುಂಚಿನ ಉಪವಾಸವನ್ನು ಧಿಕ್ಕರಿಸಿ ಮಾಂಸ ತಿಂದವನಿಗೂ ಅದೇ. ಸತ್ತವರನ್ನು ಹೂಳದೆ ಸುಟ್ಟರೂ ಅದೇ. ದೊರೆಗೆ ಎರಡು ಬಗೆದವನಿಗೂ ಅದೇ! ಪಾಪ ಮತ್ತು ರಾಜದ್ರೋಹ ಒಂದೇ ಸಾಲಿನಲ್ಲಿ ಕುಳಿತಿವೆ.

ಮುಂದಿನ ವಿಧಿಗಳು ಇನ್ನೂ ನೇರ. ಪ್ರತಿ ಚರ್ಚಿಗೂ ಆ ಸೀಮೆಯವರು ಜಮೀನು ಬಿಡಬೇಕು. 120 ಜನರಿಗೆ ಒಬ್ಬ ಆಳು, ಒಬ್ಬ ತೊತ್ತನ್ನು ಒಪ್ಪಿಸಬೇಕು. ದುಡಿಮೆಯಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ. ಕೊನೆಗೆ, ದೊರೆಯ ಪ್ರತಿನಿಧಿ ಕರೆಯದೆ ಸ್ಯಾಕ್ಸನ್ನರು ಕೂಟ ಸೇರುವಂತಿಲ್ಲ. ದೇವರಿಗೆ ಆ ಕೂಟದಿಂದ ಏನು ತೊಂದರೆಯಿತ್ತೋ!

ಇದನ್ನು ಆಸ್ಥಾನದ ವಿದ್ವಾಂಸ ಆಲ್ಕ್ವಿನ್‌ನೇ ಆಕ್ಷೇಪಿಸಿದ. ದೊರೆ ಪೂರ್ವದ ಆವಾರರೆಂಬ ಇನ್ನೊಂದು ಜನಾಂಗವನ್ನು ಗೆದ್ದ ಮೇಲೆ, 796ರಲ್ಲಿ, ಹೊಸದಾಗಿ ನಂಬಿದವರ ಮೇಲೆ ಆ ಹತ್ತನೇ ಪಾಲಿನ ಹೊರೆ ಹೇರಬೇಡಿ ಎಂದು ದೊರೆಗೆ ಬರೆದ. ಸ್ಯಾಕ್ಸನ್ನರ ನಂಬಿಕೆ ಕೆಟ್ಟಿದ್ದೇ ಅದರಿಂದ ಎನ್ನುತ್ತಾರೆ ಎಂದು ಗೆಳೆಯನಿಗೂ ಬರೆದ. ಮರುವರ್ಷ ಬಂದ ಹೊಸ ಕಟ್ಟಳೆ ಸ್ವಲ್ಪ ಮೆದುವಾಯಿತು.

ಕುಲೀನರ ಪಾಡು ಬೇರೆ. ದಂಗೆಯ ನಾಯಕ ವಿಡುಕಿಂಡ್ 785ರಲ್ಲಿ ದೀಕ್ಷೆ ಪಡೆದಾಗ ಶಾರ್ಲಮೇನನೇ ಧರ್ಮಪಿತನಾಗಿ ನಿಂತ. ಕೈಜೋಡಿಸಿದ ಇತರ ಕುಲೀನರಿಗೆ ಅಧಿಕಾರ ಸಿಕ್ಕಿತು. ರೈತಾಪಿ ಜನಕ್ಕೆ ಉಳಿದದ್ದು ತೆರಿಗೆ. 841ರಲ್ಲಿ ಅವರೇ 'ಸ್ಟೆಲ್ಲಿಂಗಾ' ಎಂಬ ಹೆಸರಲ್ಲಿ ಎದ್ದುನಿಂತರು. ಕ್ರೈಸ್ತರಾಗುವ ಮುಂಚಿನ ಅವರ ಹಳೆಯ ಕಟ್ಟಳೆ ಮರಳಿ ಕೊಡುತ್ತೇನೆಂದು ಆಸೆ ಹುಟ್ಟಿಸಿದವನು ಶಾರ್ಲಮೇನನ ಮೊಮ್ಮಗ ಲೋಥರ್. ಮರುವರ್ಷ ಅವರನ್ನು ತುಳಿದು ಹಾಕಿದವನು ಇನ್ನೊಬ್ಬ ಮೊಮ್ಮಗ, ಲೂಯಿ.