ಕಣದ ಮೇಟಿಯೂ ಉಗಿ ಇಂಜಿನ್ನೂ

ಕೇಳುಗರಿಗೆ ನಮಸ್ಕಾರ.

ರೈಲು ಹಳಿಯೇ ಇಲ್ಲದ ಜಿಲ್ಲೆ ನಮ್ಮದು. ಬಸ್ಸು ಹಿಡಿದು ಮೈಸೂರಿಗೋ ಹಾಸನಕ್ಕೋ ಇಳಿದರೆ ಮಾತ್ರ ರೈಲಿನ ದರ್ಶನ. ಇಂಥ ಕೊಡಗಿನಿಂದ ಹೋದ ನಮ್ಮ ಚಿಕ್ಕಪ್ಪ ಮೀಟರ್ ಗೇಜಿನ, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ದಾರಿಯ, ಇಂಜಿನ್ ನಿಲ್ಲಿಸುವ ಲೋಕೋ ಶೆಡ್ಡೊಂದರಲ್ಲಿ ಕೈಯಾಳು ಖಲಾಸಿಯಾಗಿ ಸೇರಿ, ಆಮೇಲೆ ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆದರು.

ರೌಂಡ್‌ಹೌಸ್ ಅಂದರೇನು ಅಂತ ಒಮ್ಮೆ ಕೇಳಿದ್ದೆ. ಸುಗ್ಗಿಯ ಕಾಲ, ಒಕ್ಕಲು ನಡೆದಿದ್ದ ಕಣವನ್ನೇ ತೋರಿಸಿದರು. "ನಡುವೆ ಮೇಟಿ ಕಂಬ ಇದೆಯಲ್ಲ, ಆ ಜಾಗದಲ್ಲಿ ಗುಂಡಿ, ಗುಂಡಿಯೊಳಗೆ ತಿರುಗೋ ಹಳಿ. ಸುತ್ತ ಕೊಟ್ಟಿಗೆ. ಎತ್ತಿನ ಬದಲು ಇಂಜಿನ್ ಕಟ್ಟಿರ್ತೀವಿ ಅಷ್ಟೆ."

ತಿರುಗಿಸುವುದು ಯಾಕೆ? ಉಗಿ ಇಂಜಿನ್ನಿಗೆ ಮುಖ ಒಂದೇ. ಹಿಂದುಮುಂದಾಗಿ ಓಡಿಸಿದರೆ ಹಿಂದೆ ಕಟ್ಟಿದ ಕಲ್ಲಿದ್ದಲಿನ ಬಂಡಿ, ಅಂದರೆ ಟೆಂಡರ್, ದಾರಿ ಕಾಣದಂತೆ ಅಡ್ಡ, ಪುಡಿಯೆಲ್ಲ ಡ್ರೈವರನ ಕಣ್ಣಿಗೆ. ಹತ್ತಾರು ಟನ್ನಿನ ಇಂಜಿನ್ನನ್ನು ನಾಲ್ಕಾರು ಜನ ಕೈಯಲ್ಲೇ ತಳ್ಳಿ ತಿರುಗಿಸುತ್ತಿದ್ದರಂತೆ. ನಾನು ನಂಬಿರಲಿಲ್ಲ. ಗುಟ್ಟಿರುವುದು ತೂಕದಲ್ಲಿ: ಭಾರವೆಲ್ಲ ನಡುವಿನ ಗೂಟದ ಮೇಲೆ ಸರಿಯಾಗಿ ಕೂರಬೇಕು. ಇಂಜಿನ್ ಒಂದು ಗೇಣು ಆಚೀಚೆ ನಿಂತರೂ ಎಷ್ಟು ಜನ ಭುಜ ಕೊಟ್ಟರೂ ಮಿಸುಕದು. ಆಗ ಡ್ರೈವರನಿಗೆ ಬೈಗುಳ, ಮತ್ತೆ ಕೊಂಚ ಮುಂದೆ, ಕೊಂಚ ಹಿಂದೆ.

ಉಳಿದದ್ದು ಹಂಡೆ ಒಲೆಯ ಕೆಲಸವೇ. ತಣ್ಣಗಾದ ಇಂಜಿನ್ನಿಗೆ ಎಣ್ಣೆಬಟ್ಟೆ, ಸೌದೆ ಹಾಕಿ ಉರಿ ಹಚ್ಚಿದರೆ ಉಗಿ ಏರಲು ಗಂಟೆಗಟ್ಟಲೆ ಬೇಕು. ಬೋರ್ ನೀರಿನ ಹಂಡೆಯಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಬಾಯ್ಲರಿನಲ್ಲೂ ಹಾಗೇ, ಆಗಾಗ ತೊಳೆಯಬೇಕು. ಬೂದಿ ಬಾಚುವುದಂತೂ ದಿನವೂ ಇದ್ದದ್ದೇ.

ಡೀಸೆಲ್ ಇಂಜಿನ್ನಿಗೆ ಇದಾವುದೂ ಬೇಡ. ಗುಂಡಿ ಒತ್ತಿದರೆ ಹೊರಟಿತು, ಹಿಂದಕ್ಕೂ ಮುಂದಕ್ಕೂ ಓಡಿತು. ಪಶ್ಚಿಮ ಬಂಗಾಳದ ಚಿತ್ತರಂಜನ್ ರೈಲು ಇಂಜಿನ್ ಕಾರ್ಖಾನೆ 1970ರಲ್ಲಿ ಅಗಲ ಹಳಿಯ ಬ್ರಾಡ್ ಗೇಜಿನ, 1972ರಲ್ಲಿ ಮೀಟರ್ ಗೇಜಿನ ಕೊನೆಯ ಉಗಿ ಇಂಜಿನ್ ಕಟ್ಟಿ ಕೈತೊಳೆದುಕೊಂಡಿತು. ಇದ್ದ ಇಂಜಿನ್ನುಗಳು ಮತ್ತೂ ಇಪ್ಪತ್ತು ವರ್ಷ ದುಡಿದವು. ಬ್ರಾಡ್ ಗೇಜಿನಲ್ಲಿ 1995ಕ್ಕೆ ಮುಗಿಯಿತು. ಚಿಕ್ಕಪ್ಪನನ್ನು ಡೀಸೆಲ್ ತರಬೇತಿಗೆ ಕಳಿಸಿದರು. "ಕೆಲಸ ಸುಲಭ, ಬಟ್ಟೆ ಬೆಳ್ಳಗಿರುತ್ತೆ" ಅಂದರೇ ಹೊರತು ಬೇಸರ ತೋರಿಸಲಿಲ್ಲ.

ನಿವೃತ್ತಿಯಾದ ಮೇಲೆ ಒಮ್ಮೆ ಅವರನ್ನು ಮೈಸೂರಿನ ರೈಲು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. ಮಿರಮಿರ ಬಣ್ಣ ಬಳಿದ ಇಂಜಿನ್ನುಗಳ ಮುಂದೆ ಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಚಿಕ್ಕಪ್ಪ ಮೊಣಕಾಲೂರಿ ಚಕ್ರದ ಸಂದಿಯಲ್ಲಿ ಕೈಯಾಡಿಸಿ, ಬೆರಳು ನೋಡಿಕೊಂಡರು.

"ಒಂದು ಚಿಟಿಕೆ ಬೂದಿ ಇಲ್ವಲ್ಲೋ" ಅಂದರು.