ಅಂಗಳ ಯಾವ ಕಡೆ ಇಳಿದಿದೆ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಮಳೆಗಾಲ ಬಂತು ಅಂದ್ರೆ ಕಾರವಾರದಿಂದ ಭಟ್ಕಳದವರೆಗೆ ಒಂದೇ ಗೋಳು, ಗೋಡೆ ಥಂಡಿ, ಬುಡದಲ್ಲಿ ಸುಣ್ಣ ಉದುರ್ತದೆ, ಕಪಾಟಿನ ಬಟ್ಟೆಗೆಲ್ಲ ಬೂಸ್ಟು. ನನ್ನ ಹತ್ರ ಬಂದೋರು ಕೇಳೋದು ಯಾವ ಪೇಂಟ್ ಹೊಡೀಬೇಕು ಅಂತ. ಎಷ್ಟು ವರ್ಷದಿಂದ ಇದೇ ಪ್ರಶ್ನೆ ಮಾರಾಯ್ರೆ! ಪೇಂಟ್ ಬಿಡಿ, ನಿಮ್ಮ ಅಂಗಳ ಯಾವ ಕಡೆ ಇಳಿದಿದೆ ಹೇಳಿ.

ಅಂಕೋಲೆಯಲ್ಲಿ ನಮ್ಮ ದೊಡ್ಡಮ್ಮನ ಮನೆ, ಚಿರೆಕಲ್ಲಿಂದು, ಅಂದ್ರೆ ಕೆಂಪು ಜಂಬಿಟ್ಟಿಗೆ ಕಲ್ಲಿಂದು. ಚಿರೆಕಲ್ಲಲ್ಲಿ ತೂತು ಜಾಸ್ತಿ, ಬುಡದಲ್ಲಿ ನೀರು ನಿಂತ್ರೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮೇಲಕ್ಕೆ ಎಳ್ಕೊಳ್ತದೆ. ಮೂರು ಸಲ ಪೇಂಟ್ ಹೊಡ್ಸಿದ್ರು, ಮೂರು ಸಲವೂ ಹಪ್ಪಳದ ಹಾಗೆ ಎದ್ದು ಬಂತು. ನಾನು ಹೋಗಿ ಒಂದು ಕೊಡಪಾನ ನೀರು ತಗೊಂಡು ಅಂಗಳದ ನಡುವೆ ಹೊಯ್ದೆ ನೋಡಿ, ಸಂಜೆ ಕರು ಹಟ್ಟಿಗೆ ಓಡಿದ ಹಾಗೆ ಸೀದಾ ಗೋಡೆ ಬುಡಕ್ಕೆ ಹೋಯ್ತು! ಗೋಡೆಗೆ ತಾಗಿಸಿ ಅಬ್ಬಲಿಗೆ, ದಾಸವಾಳದ ಪಾತಿ, ವರ್ಷಾ ವರ್ಷಾ ಮಣ್ಣು ಗೊಬ್ಬರ ಏರಿಸಿ ಏರಿಸಿ ಪಂಚಾಂಗದ ಕಲ್ಲೇ, ಅಂದ್ರೆ ಗೋಡೆ ಕೆಳಗಿನ ಅಡಿಪಾಯದ ಕಲ್ಲೇ, ಮುಚ್ಚಿ ಹೋಗಿತ್ತು. ಪಾತಿ ತೆಗೀಬೇಕು ಅಂದಿದ್ದಕ್ಕೆ ದೊಡ್ಡಮ್ಮ ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಕೊನೆಗೆ ಗಿಡ ನಾಲ್ಕು ಅಡಿ ಆಚೆ ಹೋಯ್ತು, ಮಣ್ಣು ಮನೆ ನೆಲಕ್ಕಿಂತ ಅರ್ಧ ಅಡಿಗೂ ಕೆಳಗೆ ಇಳೀತು, ಗೋಡೆಯಿಂದ ಹತ್ತು ಅಡಿ ಆಚೆ ಹೋಗೋವಷ್ಟರಲ್ಲಿ ಮತ್ತೆ ಅರ್ಧ ಅಡಿ ಇಳಿಜಾರು ಬರೋ ಹಾಗೆ ಕೆಂಪು ಜೇಡಿಮಣ್ಣು ಹಾಕಿ ದಮ್ಮಸು ಮಾಡಿದ್ವಿ. ಮರಳು ಹಾಕ್ಬೇಡಿ, ಅದ್ರಲ್ಲಿ ನೀರು ಅಲ್ಲೇ ಇಂಗಿ ಗೋಡೆಗೇ ಬರ್ತದೆ. ಮರುವರ್ಷ ಶ್ರಾವಣದಲ್ಲಿ ದೊಡ್ಡಮ್ಮ ಕಪಾಟು ಸರಿಸಿ ಒಣ ಗೋಡೆ ತೋರಿಸಿದ್ಲು. ಈಗ ಪಕ್ಕದ ಮನೆಯವ್ರ ಅಂಗಳಕ್ಕೂ ಇವಳೇ ನೀರು ಹೊಯ್ದು ನೋಡ್ತಾಳಂತೆ!

ಅಯ್ಯೋ, ಗಾಜಿನ ಆಚೆಯಿಂದ ಟೈಮ್ ಆಯ್ತು ಅಂತ ಕೈ ಮಾಡ್ತಿದ್ದಾರೆ. ಬೇಗ ಹೇಳ್ತೆ. 1000 ಚದರ ಅಡಿ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ರೆ 9 ಸಾವಿರ ಲೀಟರಿಗೂ ಜಾಸ್ತಿ ನೀರು, ಅದು ಗೋಡೆ ಬುಡಕ್ಕೆ ಬೀಳಬಾರ್ದು, ಮಾಡಿನ ಅಂಚಿಗೆ ನೀರು ಹಿಡಿಯೋ ದೋಣಿ ಹಾಕಿ ಪೈಪಲ್ಲಿ ದೂರ ಬಿಡಿ. ಶಿರಸಿ ಕಡೆಯವ್ರು ಮನೆ ಹಿಂದೆ ಗುಡ್ಡ ಕಡಿದ ಧರೆಗೆ ಲಾವಂಚ ನೆಡಿ, ಧರೆ ಬುಡಕ್ಕೊಂದು ಕಾಲುವೆ ಹೊಡೀರಿ, ಅದ್ರಲ್ಲಿ ಬಿದ್ದ ಸೊಪ್ಪು ಮಳೆಗಾಲಕ್ಕೆ ಮೊದ್ಲೇ ತೆಗೀರಿ. ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕಿಸೋರು, ಮೇಸ್ತ್ರಿ ಲೆಕ್ಕ ಚುಕ್ತಾ ಮಾಡೋ ಮೊದ್ಲು ಒಂದು ಕೊಡಪಾನ ನೀರು ಹೊಯ್ದು ನೋಡಿ, ಗೋಡೆ ಕಡೆ ಬಂತೋ, ದುಡ್ಡು ಕೊಡ್ಬೇಡಿ. ನಮಸ್ಕಾರ.